ತಂತ್ರಾಂಶದ ಕೈಪಿಡಿ ಅಚ್ಚಿಗೆ: ಪೇಜ್‌ಮೇಕರ್, ವರ್ಡ್, ಇನ್‌ಡಿಸೈನ್, ಲೇಟೆಕ್, ಟೈಪ್‌ಸ್ಟ್ – ಯಾವುದು ಯಾರಿಗೆ?

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಮ್ಯಾನುಯಲ್ ಇರಲಿ, ಕಾಫಿ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಮತ್ತು ಕೂಲಿ ಲೆಕ್ಕ ಇಡುವ ತಂತ್ರಾಂಶದ ಕೈಪಿಡಿ ಇರಲಿ, ಹಾಲಿನ ಸೊಸೈಟಿಗೆ ಬರೆದುಕೊಟ್ಟ ಪ್ರೋಗ್ರಾಂನ ವಿವರಣೆ ಇರಲಿ, ಹಾಸನ-ಚಿಕ್ಕಮಗಳೂರು ಕಡೆ ಅದನ್ನು ಅಚ್ಚು ಹಾಕಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಪುಟ ಜೋಡಣೆಯನ್ನು ಯಾವ ತಂತ್ರಾಂಶದಲ್ಲಿ ಮಾಡಿಸೋಣ? ಡಿಟಿಪಿ ಅಂಗಡಿಯವರು ಪೇಜ್‌ಮೇಕರ್ ಅನ್ನುತ್ತಾರೆ. ಕಾಲೇಜಿನ ಮೇಷ್ಟ್ರು ಲೇಟೆಕ್ ಅನ್ನುತ್ತಾರೆ. ಬೆಂಗಳೂರಿನ ಡಿಸೈನರ್ ಇನ್‌ಡಿಸೈನ್ ಅನ್ನುತ್ತಾರೆ. ಆಫೀಸಿನಲ್ಲಿದ್ದವರು ವರ್ಡ್ ಸಾಕಲ್ಲ ಅನ್ನುತ್ತಾರೆ. ಅವರವರ ಕೆಲಸದ ಮಟ್ಟಿಗೆ ಎಲ್ಲರ ಮಾತಿಗೂ ಕಾರಣವಿದೆ. ನಿಮ್ಮ ಕೆಲಸಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಮಾತ್ರ ನೀವೇ ತೂಗಿ ನೋಡಬೇಕು.

ಕೈಪಿಡಿ ಎಂಬುದು ಒಮ್ಮೆ ಅಚ್ಚಾಗಿ ಮುಗಿಯುವ ಪುಸ್ತಕವಲ್ಲ. ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದರೆ ಮೆನುವಿನ ಹೆಸರು ಬದಲಾಗುತ್ತದೆ, ಸ್ಕ್ರೀನ್‌ಶಾಟ್ ಹಳತಾಗುತ್ತದೆ, ನಡುವೆ ಒಂದು ಅಧ್ಯಾಯ ಸೇರಿಕೊಳ್ಳುತ್ತದೆ. ಅದರ ಬೆನ್ನಿಗೇ ‘ಪುಟ 47 ನೋಡಿ’ ಎಂದು ಬರೆದದ್ದೆಲ್ಲ ಸುಳ್ಳಾಗುತ್ತದೆ. ಹಾಗಾಗಿ ಮೊದಲ ಮುದ್ರಣಕ್ಕೆ ಎಷ್ಟಾಗುತ್ತದೆ ಎಂದು ನೋಡಿ ಸಾಧನ ಆರಿಸಬಾರದು, ಎರಡನೇ ಮುದ್ರಣಕ್ಕೆ ಎಷ್ಟು ದಿನ, ಎಷ್ಟು ಹಣ ಬೇಕಾಗುತ್ತದೆ ಎಂದು ನೋಡಿ ಆರಿಸಬೇಕು. ಮುಂದೆ ಹೇಳುವ ತೀರ್ಮಾನಗಳೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಸಾಧನಕ್ಕಿಂತ ಮೊದಲು ಪುಟದ ಅಳತೆ

ಪುಸ್ತಕದ ಗಾತ್ರ ತೀರ್ಮಾನವಾಗದೆ ಯಾವ ಸಾಧನವನ್ನೂ ತೆರೆಯಬೇಡಿ. ಕನ್ನಡ ಪುಸ್ತಕ ಅಂದಕೂಡಲೇ ಮುದ್ರಣಾಲಯದವರು ಡೆಮಿ 1/8 ಎಂದು ಬರೆದುಕೊಳ್ಳುತ್ತಾರೆ, ಅಂದರೆ ಸುಮಾರು 5.5 × 8.5 ಇಂಚು. ಕಥೆ, ಕವಿತೆಗೆ ಅದು ಒಳ್ಳೆಯ ಗಾತ್ರ. ಕೋಡ್ ಇರುವ ಪುಸ್ತಕಕ್ಕೆ ಹಾಗಲ್ಲ. ಯಾಕೆ ಎಂದು ಲೆಕ್ಕ ಹಾಕಿ ನೋಡಿ.

ಡೆಮಿ 1/8ರ ಅಗಲ 140 ಮಿ.ಮೀ. ಬೈಂಡಿಂಗ್ ಕಡೆ 20 ಮಿ.ಮೀ., ಹೊರಗಡೆ 13 ಮಿ.ಮೀ. ಅಂಚು ಬಿಟ್ಟರೆ ಬರಹಕ್ಕೆ ಉಳಿಯುವುದು 107 ಮಿ.ಮೀ., ಅಂದರೆ ಸುಮಾರು 303 ಪಾಯಿಂಟ್ (ಇಂಚಿಗೆ 72 ಪಾಯಿಂಟ್). ಕೋಡ್‌ಗೆ ಬಳಸುವ ಸಮಾನ ಅಗಲದ ಫಾಂಟ್‌ಗಳಲ್ಲಿ ಹೆಚ್ಚಿನವುಗಳ ಒಂದು ಅಕ್ಷರದ ಅಗಲ ಫಾಂಟ್ ಗಾತ್ರದ 0.6ರಷ್ಟು. 9 ಪಾಯಿಂಟ್ ಗಾತ್ರ ಇಟ್ಟರೆ ಒಂದಕ್ಷರಕ್ಕೆ 5.4 ಪಾಯಿಂಟ್ ಬೇಕು, ಒಂದು ಸಾಲಿಗೆ 56 ಅಕ್ಷರ ಹಿಡಿಸುತ್ತದೆ. ಪ್ರೋಗ್ರಾಮರ್‌ಗಳು ರೂಢಿಯಾಗಿ ಬರೆಯುವ 80 ಅಕ್ಷರದ ಸಾಲು ಹಿಡಿಸಬೇಕಾದರೆ ಫಾಂಟನ್ನು 6.3 ಪಾಯಿಂಟ್‌ಗೆ ಇಳಿಸಬೇಕು. ಅಷ್ಟು ಸಣ್ಣ ಅಕ್ಷರ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದದ ಮೇಲೆ ಓದಲು ಬರುವುದಿಲ್ಲ. ಪೂರ್ಣವಿರಾಮಕ್ಕೂ ಅಲ್ಪವಿರಾಮಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಕೋಡ್‌ನಲ್ಲಿ ಆ ವ್ಯತ್ಯಾಸವೇ ಮುಖ್ಯ.

ಕ್ರೌನ್ 1/4 ಗಾತ್ರಕ್ಕೆ, ಅಂದರೆ ಕತ್ತರಿಸಿದ ಮೇಲೆ ಸುಮಾರು 7.25 × 9.5 ಇಂಚಿಗೆ ಹೋದರೆ ಬರಹದ ಅಗಲ 149 ಮಿ.ಮೀ. ಸಿಗುತ್ತದೆ. ಆಗ 80 ಅಕ್ಷರ 8.8 ಪಾಯಿಂಟ್‌ನಲ್ಲಿ ಸಲೀಸಾಗಿ ಕೂರುತ್ತದೆ. ಎ4ನಲ್ಲಿ 9 ಪಾಯಿಂಟ್ ಇಟ್ಟರೂ ಜಾಗ ಉಳಿಯುತ್ತದೆ. ಡೆಮಿಯೇ ಬೇಕು ಎಂದಾದರೆ ಎರಡು ದಾರಿಗಳಿವೆ. ಒಂದು, ಇನ್‌ಕನ್ಸೊಲಾಟಾದಂತಹ ಕಿರಿದಾದ ಫಾಂಟ್ ಹಿಡಿಯುವುದು. ಅದರ ಅಕ್ಷರದಗಲ ಗಾತ್ರದ ಅರ್ಧ ಮಾತ್ರ, 9 ಪಾಯಿಂಟ್‌ನಲ್ಲಿ 67 ಅಕ್ಷರ ಹಿಡಿಸುತ್ತದೆ. ಎರಡು, ಕೋಡನ್ನೇ 60 ಅಕ್ಷರದೊಳಗೆ ಮುರಿದು ಬರೆಯುವುದು. ಎರಡನೆಯದೇ ಒಳ್ಳೆಯದು, ಆದರೆ ಆ ಕೆಲಸವನ್ನು ಕೋಡ್ ಬರೆದವರೇ ಮಾಡಬೇಕು. ಡಿಟಿಪಿಯವರು ಜಾಗ ನೋಡಿ ಸಾಲು ಮುರಿದರೆ ಪೈಥಾನ್ ಪ್ರೋಗ್ರಾಂ ಓಡುವುದಿಲ್ಲ.

ಕೋಡ್ ಇಲ್ಲದ, ಬರೀ ಸ್ಕ್ರೀನ್‌ಶಾಟ್ ಮತ್ತು ಕನ್ನಡ ವಿವರಣೆ ಇರುವ ಕೈಪಿಡಿಗೆ ಈ ಲೆಕ್ಕ ಬೇಡ. ಅಲ್ಲಿ ಡೆಮಿ ಸಾಕು.

ಕನ್ನಡ ಸರಿಯಾಗಿ ಕೂರುತ್ತದೆಯೇ

ಎರಡನೇ ಅಳತೆಗೋಲು ಒತ್ತಕ್ಷರ. ಯಾವ ಸಾಧನವನ್ನೇ ಆಗಲಿ ಒಪ್ಪಿಕೊಳ್ಳುವ ಮೊದಲು ಒಂದು ಸಾಲು ಟೈಪ್ ಮಾಡಿ ಪಿಡಿಎಫ್ ತೆಗೆದು ನೋಡಿ: ‘ಸ್ಟ್ರಿಂಗ್, ಸಾಫ್ಟ್‌ವೇರ್, ಕಾರ್ಯಕ್ಷಮತೆ, ಲಕ್ಷ್ಮಿ, ಫೋಲ್ಡರ್’. ‘ಸ್ಟ್ರಿಂಗ್’ನಲ್ಲಿ ಟ ಮತ್ತು ರ ಎರಡೂ ಸ ಅಕ್ಷರದ ಕೆಳಗೆ ಹೋಗಬೇಕು, ‘ಕಾರ್ಯ’ದ ಅರ್ಕಾವೊತ್ತು ಯ ಅಕ್ಷರದ ಬಲಕ್ಕೆ ಬರಬೇಕು, ‘ಫೋ’ದ ದೀರ್ಘ ಬೇರ್ಪಟ್ಟು ದೂರ ನಿಲ್ಲಬಾರದು.

ಇದರಲ್ಲಿ ‘ಸಾಫ್ಟ್‌ವೇರ್’ ಎಂಬ ಪದವನ್ನು ಹತ್ತಿರದಿಂದ ನೋಡಬೇಕು. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರುತ್ತದೆ, ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ವ ಒತ್ತಕ್ಷರವಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ತಂತ್ರಾಂಶದ ಕೈಪಿಡಿಯಲ್ಲಿ ಇಂತಹ ಪದಗಳೇ ತುಂಬಿರುತ್ತವೆ: ಪಾಸ್‌ವರ್ಡ್, ಡೌನ್‌ಲೋಡ್. ಒಂದು ಸಾಧನದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಈ ಚಿಹ್ನೆ ಕಳೆದುಹೋಗಬಹುದು. ಇಬ್ಬರು ಟೈಪ್ ಮಾಡಿದ್ದರೆ ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಆಗ ಹುಡುಕಿ ಬದಲಾಯಿಸುವ ಆಜ್ಞೆ ಅರ್ಧ ಪದಗಳನ್ನು ಬಿಟ್ಟುಬಿಡುತ್ತದೆ, ಪುಸ್ತಕದ ಕೊನೆಯ ಪದಸೂಚಿಯಲ್ಲಿ ‘ಪಾಸ್‌ವರ್ಡ್’ ಎರಡು ಕಡೆ ಬರುತ್ತದೆ. ಅಚ್ಚಿಗೆ ಕೊಡುವ ಮೊದಲು ಇಂತಹ ಪದಗಳ ಪಟ್ಟಿ ಮಾಡಿ ಎಲ್ಲ ಕಡೆ ಒಂದೇ ರೂಪಕ್ಕೆ ತನ್ನಿ.

ಸಾಲುಗಳ ನಡುವಿನ ಅಂತರವೂ ಇಲ್ಲೇ ಸೇರುತ್ತದೆ. ಇಂಗ್ಲಿಷಿಗೆ 11 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಅಂತರ ಸಾಕಾಗುತ್ತದೆ. ಕನ್ನಡದಲ್ಲಿ ಎರಡು ಒತ್ತು ಕೆಳಗಿಳಿದಾಗ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 11ಕ್ಕೆ 16 ಇಟ್ಟುಕೊಳ್ಳಿ. ಅದೇ ಸಾಲಿನಲ್ಲಿ ಬರುವ ಇಂಗ್ಲಿಷ್ ಪದ ಮತ್ತು ಕೋಡ್ ತುಣುಕು ದೊಡ್ಡದಾಗಿ ಎದ್ದು ಕಾಣುತ್ತಿದ್ದರೆ ಅದನ್ನು ಶೇ. 90ಕ್ಕೆ ಇಳಿಸಿ. ಫಾಂಟ್‌ಗಳ ಪೈಕಿ ನೋಟೋ ಸೆರಿಫ್ ಕನ್ನಡ ಮತ್ತು ಟೀರೋ ಕನ್ನಡ ಎರಡೂ ಮುಕ್ತ ಪರವಾನಗಿಯವು, ಅಚ್ಚಿಗೆ ಹಣ ಕಟ್ಟಬೇಕಾಗಿಲ್ಲ. ಉದ್ದ ಓದಿಗೆ ಟೀರೋ ಹಿತವಾಗಿದೆ. ಆದರೆ ಶೀರ್ಷಿಕೆಗೆ ದಪ್ಪ ಅಕ್ಷರ ಬೇಕಾದಾಗ ನೋಟೋ ಬೇಕಾಗುತ್ತದೆ, ಅದರಲ್ಲಿ ತೂಕಗಳು ಹೆಚ್ಚು.

ಕೋಡ್ ಇದ್ದಹಾಗೇ ಅಚ್ಚಾಗಬೇಕು

ಓದುವವರು ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅದರಲ್ಲಿದ್ದುದನ್ನೇ ಕುಟ್ಟುತ್ತಾರೆ. ಎರಡು ಅಡ್ಡಗೆರೆ ಹಾಕಿ ಬರೆದ ಆಯ್ಕೆ (--) ಅಚ್ಚಿನಲ್ಲಿ ಒಂದೇ ಉದ್ದ ಗೆರೆಯಾಗಿ (–) ಬಂದರೆ ಆಜ್ಞೆ ಓಡುವುದಿಲ್ಲ. ನೇರ ಉದ್ಧರಣ ಚಿಹ್ನೆ (") ಬಾಗಿದ ಚಿಹ್ನೆಯಾಗಿ (“) ಬಂದರೂ ಅಷ್ಟೇ. ವರ್ಡ್, ಲಿಬ್ರೆ ಆಫೀಸ್ ರೈಟರ್, ಇನ್‌ಡಿಸೈನ್ ಮೂರೂ ಉದ್ಧರಣ ಚಿಹ್ನೆಯನ್ನು ತಾವಾಗಿಯೇ ತಿದ್ದುತ್ತವೆ. ಲೇಟೆಕ್ ಕೂಡ ಸಾಮಾನ್ಯ ಬರಹದಲ್ಲಿ ಎರಡು ಅಡ್ಡಗೆರೆಯನ್ನು ಕೂಡಿಸುತ್ತದೆ. ಆದ್ದರಿಂದ ಕೋಡ್ ಎಂದು ಗುರುತು ಹಾಕಿದ ಭಾಗಕ್ಕೆ ಯಾವ ಸ್ವಯಂ ತಿದ್ದುಪಡಿಯೂ ತಾಗದಂತೆ ಮಾಡಲು ಸಾಧನದಲ್ಲಿ ದಾರಿ ಇದೆಯೇ ಎಂದು ನೋಡಬೇಕು. ಫೀರಾ ಕೋಡ್‌ನಂತಹ ಫಾಂಟ್‌ಗಳು ‘!=’ ಎಂಬುದನ್ನು ಕೂಡಿಸಿ ‘≠’ ಎಂದು ತೋರಿಸುತ್ತವೆ. ಪರದೆಯ ಮೇಲೆ ಚೆಂದ, ಅಚ್ಚಿನಲ್ಲಿ ಹೊಸಬರಿಗೆ ಗೊಂದಲ. ಆ ಜೋಡಣೆಯನ್ನು ನಿಲ್ಲಿಸಿ.

ಕೋಡ್‌ನ ಒಳಗೆ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರೆ ಇನ್ನೊಂದು ತೊಡಕು. ಕೋಡ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಬದಲಿ ಫಾಂಟ್ ಹೇಳಿಕೊಡದಿದ್ದರೆ ಅಲ್ಲಿ ಚೌಕ ಬರುತ್ತದೆ, ಅಥವಾ ಬರೀ ಖಾಲಿ ಜಾಗ.

ಪೇಜ್‌ಮೇಕರ್ ಮತ್ತು ನುಡಿ

ಊರಿನ ಮುದ್ರಣಾಲಯಗಳಲ್ಲಿ ಎಲ್ಲರ ಕೈಗೂ ಒಗ್ಗಿರುವ ಜೋಡಿ ಇದು. ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆಗಳನ್ನು ಇವರು ಮಾಡುವ ವೇಗ ಬೇರೆ ಯಾವುದರಲ್ಲೂ ಬಾರದು. ಆದರೆ ತಂತ್ರಾಂಶದ ಕೈಪಿಡಿಗೆ ಬೇಡ. 2001ರ 7.0 ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ. ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಹಾಗಾಗಿ ನುಡಿ, ಶ್ರೀಲಿಪಿಯಂತಹ ಹಳೆಯ ಬಗೆಯ ಫಾಂಟ್‌ಗಳನ್ನು ಬಳಸಬೇಕು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳು ಕೂತಿರುತ್ತವೆ. ಅಂದರೆ ಕನ್ನಡ ಪ್ಯಾರಾದ ನಡುವೆ ಬರುವ ಒಂದೊಂದು ಇಂಗ್ಲಿಷ್ ಆಜ್ಞೆಗೂ ಕೈಯಾರೆ ಫಾಂಟ್ ಬದಲಾಯಿಸಬೇಕು. ಒಂದು ಕಡೆ ಮರೆತರೆ ಆ ಆಜ್ಞೆ ಅರ್ಥವಿಲ್ಲದ ಕನ್ನಡ ತುಣುಕುಗಳಾಗಿ ಅಚ್ಚಾಗುತ್ತದೆ. 200 ಪುಟದ ಕೈಪಿಡಿಯಲ್ಲಿ ಇಂತಹ ಬದಲಾವಣೆ ಸಾವಿರಾರು ಸಲ ಬರುತ್ತದೆ.

ನೀವು ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಅವರು ಪರಿವರ್ತಕಕ್ಕೆ ಹಾಕಿ ನುಡಿಗೆ ತರುತ್ತಾರೆ. ಆ ಹಂತದಲ್ಲಿ ಕೋಡ್‌ನ ಚಿಹ್ನೆಗಳೂ ಕೆಡುತ್ತವೆ. ತಿದ್ದಿದ ಪ್ರತಿ ಅವರ ಕಡತದಲ್ಲಿ ಉಳಿಯುತ್ತದೆ, ನಿಮ್ಮದರಲ್ಲಿ ತಪ್ಪು ಹಾಗೇ ಇರುತ್ತದೆ. ಮುಂದಿನ ವರ್ಷ ಪರಿಷ್ಕರಿಸಲು ಹೊರಟಾಗ ಮತ್ತೆ ಮೊದಲಿನಿಂದ ಕರಡು ತಿದ್ದಬೇಕು. ಡಿಟಿಪಿಯವರಿಗೆ ಪುಟಕ್ಕಿಷ್ಟು ಎಂದು ಕೊಡುವ ಹಣ ಕಡಿಮೆ ಕಂಡರೂ ಅದು ಪ್ರತಿ ಮುದ್ರಣಕ್ಕೂ ಬರುವ ಖರ್ಚು.

ವರ್ಡ್ ಮತ್ತು ಲಿಬ್ರೆ ಆಫೀಸ್ ರೈಟರ್

80 ಪುಟದೊಳಗಿನ, ಕೋಡ್ ಕಡಿಮೆ ಇರುವ ಕೈಪಿಡಿಗೆ ಇವು ಸಾಕು. ಕನ್ನಡ ಸರಿಯಾಗಿ ಬರುತ್ತದೆ, ಆಫೀಸಿನಲ್ಲಿ ಯಾರು ಬೇಕಾದರೂ ತಿದ್ದಬಹುದು, ಪರಿವಿಡಿ ತಾನಾಗಿಯೇ ಆಗುತ್ತದೆ. ಷರತ್ತು ಒಂದೇ, ಎಲ್ಲವನ್ನೂ ಸ್ಟೈಲ್ ಮೂಲಕ ಮಾಡಬೇಕು. ಶೀರ್ಷಿಕೆಯನ್ನು ಆಯ್ದು ದಪ್ಪ ಮಾಡಿ, ಗಾತ್ರ ಹೆಚ್ಚಿಸಿ ಬಿಟ್ಟರೆ ಪರಿವಿಡಿಗೆ ಅದು ಕಾಣುವುದೇ ಇಲ್ಲ. ಕೋಡ್‌ಗೆ ಪ್ರತ್ಯೇಕ ಪ್ಯಾರಾಗ್ರಾಫ್ ಸ್ಟೈಲ್, ಸಾಲಿನ ನಡುವಿನ ಆಜ್ಞೆಗೆ ಪ್ರತ್ಯೇಕ ಕ್ಯಾರೆಕ್ಟರ್ ಸ್ಟೈಲ್ ಮಾಡಿಕೊಳ್ಳಿ. ಆಟೋ ಕರೆಕ್ಟ್‌ನಲ್ಲಿ ಉದ್ಧರಣ ಚಿಹ್ನೆ, ಅಡ್ಡಗೆರೆ, ವಾಕ್ಯದ ಮೊದಲ ದೊಡ್ಡಕ್ಷರ ಈ ಮೂರನ್ನೂ ನಿಲ್ಲಿಸಿ. ರೈಟರ್‌ನಲ್ಲಿ ಕನ್ನಡಕ್ಕೆ ಫಾಂಟ್ ಮತ್ತು ಗಾತ್ರ ಬೇರೆಯೇ ಇರುತ್ತದೆ. ಸ್ಟೈಲ್‌ನ ಸಿಟಿಎಲ್ (ಕನ್ನಡದಂತಹ ಸಂಕೀರ್ಣ ಲಿಪಿಗಳದು) ಎಂಬ ಜಾಗದಲ್ಲಿ ಬದಲಾಯಿಸದಿದ್ದರೆ ಇಂಗ್ಲಿಷ್ ಮಾತ್ರ ಬದಲಾಗಿ ಕನ್ನಡ ಹಳೆಯ ಗಾತ್ರದಲ್ಲೇ ಉಳಿಯುತ್ತದೆ.

ವರ್ಡ್ ಮೊದಲೇ ಇದ್ದ ಹೊಂದಿಕೆಯಂತೆ ಚಿತ್ರಗಳನ್ನು ಉಳಿಸುವಾಗ ಇಂಚಿಗೆ 220 ಚುಕ್ಕೆಗೆ ಕುಗ್ಗಿಸುತ್ತದೆ. ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಚಿತ್ರ ಕುಗ್ಗಿಸಬೇಡ ಎಂಬುದಕ್ಕೆ ಟಿಕ್ ಹಾಕಿ, ಅದೂ ಮೊದಲ ಚಿತ್ರ ಸೇರಿಸುವ ಮುಂಚೆ. ರೈಟರ್‌ನಲ್ಲಿ ಪಿಡಿಎಫ್ ತೆಗೆಯುವಾಗ ಜೆಪೆಗ್ ಬದಲು ಲಾಸ್‌ಲೆಸ್ ಆರಿಸಿ. ಎಡಬಲ ಪುಟಗಳ ಅಂಚು ಬೇರೆಬೇರೆ ಇರುವಂತೆ ಮಿರರ್ ಮಾರ್ಜಿನ್ ಹಾಕುವುದನ್ನು ಹಲವರು ಮರೆಯುತ್ತಾರೆ. ಬೈಂಡಿಂಗ್ ಆದ ಮೇಲೆ ಒಂದು ಪುಟದ ಸಾಲು ಮಡಿಕೆಯೊಳಗೆ ಹೋಗಿಬಿಟ್ಟಿರುತ್ತದೆ.

150 ಪುಟ, 200 ಚಿತ್ರ ದಾಟಿದರೆ ಇವು ಕೈಕೊಡಲು ಶುರುಮಾಡುತ್ತವೆ: ಚಿತ್ರ ಮುಂದಿನ ಪುಟಕ್ಕೆ ಜಿಗಿಯುತ್ತದೆ, ಕಡತ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ.

ಇನ್‌ಡಿಸೈನ್, ಸ್ಕ್ರೈಬಸ್

ಪುಟದ ಚೆಲುವು ಮುಖ್ಯ, ಬಣ್ಣದಲ್ಲಿ ಅಚ್ಚಾಗಬೇಕು, ಡಿಸೈನರ್‌ಗೆ ಹಣ ಕೊಡುವ ಶಕ್ತಿ ಇದೆ ಎಂದಾದರೆ ಇನ್‌ಡಿಸೈನ್ ನಿಲ್ಲಬಲ್ಲದು. ಬಣ್ಣ, ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಬಣ್ಣದ ಅಂಚು), ಮುದ್ರಣಕ್ಕೆಂದೇ ಇರುವ ಪಿಡಿಎಫ್ ಎಕ್ಸ್-1ಎ ಅಥವಾ ಎಕ್ಸ್-4, ಅಡ್ಡ ಉಲ್ಲೇಖ, ಪದಸೂಚಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಕನ್ನಡಕ್ಕೆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಾಂಪೋಸರ್’ ಆರಿಸಲೇಬೇಕು, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ. ಒಂದು ಸ್ಟೈಲ್‌ನಲ್ಲಿ ಬಿಟ್ಟುಹೋದರೂ ಆ ಸ್ಟೈಲ್ ಇರುವ ಕಡೆಯೆಲ್ಲ ಕೆಡುತ್ತದೆ, ಅಡಿಟಿಪ್ಪಣಿ ಮತ್ತು ಚಿತ್ರದ ಶೀರ್ಷಿಕೆಯಲ್ಲೇ ಇದು ಹೆಚ್ಚಾಗಿ ತಪ್ಪುವುದು.

ಇದರ ಕೊರತೆ ಎರಡು. ಚಂದಾ ಕಟ್ಟುತ್ತಲೇ ಇರಬೇಕು, ಕಟ್ಟುವುದು ನಿಂತರೆ ನಿಮ್ಮದೇ ಕಡತ ತೆರೆಯಲು ಬರುವುದಿಲ್ಲ. ಕೋಡ್ ಮೂಲದಲ್ಲಿ ಬದಲಾದರೆ ಪುಸ್ತಕದಲ್ಲಿ ತಾನಾಗಿ ಬದಲಾಗುವುದಿಲ್ಲ, ಯಾರಾದರೂ ಮತ್ತೆ ಅಂಟಿಸಬೇಕು. ನಿಮ್ಮ ಊರಿನ ಮುದ್ರಣಾಲಯದಲ್ಲಿ ಹಳೆಯ ಆವೃತ್ತಿ ಇದ್ದರೆ ಅದೂ ತೆರೆಯಬಲ್ಲ ಐಡಿಎಂಎಲ್ ರೂಪದಲ್ಲೂ ಉಳಿಸಿ ಕೊಡಿ.

ಸ್ಕ್ರೈಬಸ್ ಉಚಿತ. 1.4ರ ಸಾಲಿನ ಹಳೆಯ ಆವೃತ್ತಿಯಲ್ಲಿ ಕನ್ನಡ ಕೂರುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಆ ತೊಂದರೆ ನೀಗಿದೆ. ಆದರೂ ನೂರಾರು ಪುಟದ ಒಳಪುಟಗಳಿಗೆ ಇದು ನಿಧಾನ. ಮುಖಪುಟಕ್ಕೆ ಮಾತ್ರ ಇದನ್ನು ಕಣ್ಣುಮುಚ್ಚಿ ಆರಿಸಬಹುದು. ನಾಲ್ಕು ಬಣ್ಣ, 3 ಮಿ.ಮೀ. ಬ್ಲೀಡ್, ಕತ್ತರಿಸುವ ಗುರುತು ಎಲ್ಲವನ್ನೂ ಸರಿಯಾಗಿ ಕೊಡುತ್ತದೆ. ಒಳಪುಟಗಳನ್ನು ಬೇರೆ ಸಾಧನದಲ್ಲಿ ಮಾಡಿ ಮುಖಪುಟವನ್ನು ಸ್ಕ್ರೈಬಸ್‌ನಲ್ಲಿ ಮಾಡುವುದು ಒಳ್ಳೆಯ ಹಂಚಿಕೆ.

ಲೇಟೆಕ್

ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ಪುಟಜೋಡಣೆಯ ತಂತ್ರಾಂಶದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ಇದರಲ್ಲಿ ಬರಹದ ನಡುವೆಯೇ ಆಜ್ಞೆಗಳನ್ನು ಬರೆದು, ಅದನ್ನು ಓಡಿಸಿ ಪಿಡಿಎಫ್ ತೆಗೆಯಬೇಕು. ಅಡ್ಡ ಉಲ್ಲೇಖ, ಪರಿವಿಡಿ, ಕೋಡ್, ಗಣಿತ, ಅಡಿಟಿಪ್ಪಣಿ ಈ ಐದರಲ್ಲೂ ಇದಕ್ಕೆ ಸಮ ಇಲ್ಲ. ಕೋಡ್ ಕಡತವನ್ನು ನೇರವಾಗಿ ಪುಸ್ತಕದೊಳಗೆ ಸೇರಿಸಬಹುದು. ಪ್ರೋಗ್ರಾಂ ತಿದ್ದಿ ಮತ್ತೆ ಪಿಡಿಎಫ್ ತೆಗೆದರೆ ಪುಸ್ತಕವೂ ತಿದ್ದಿರುತ್ತದೆ. ಎರಡನೇ ಮುದ್ರಣದ ಖರ್ಚು ಇಲ್ಲಿ ಹೆಚ್ಚುಕಡಿಮೆ ಶೂನ್ಯ.

ಕನ್ನಡಕ್ಕೆ ಪಿಡಿಎಫ್‌ಲೇಟೆಕ್ ಬೇಡ. ಝೀಲೇಟೆಕ್ ಅಥವಾ ಲುವಾಲೇಟೆಕ್ ಹಿಡಿಯಿರಿ. ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಸ್ಕ್ರಿಪ್ಟ್ ಕನ್ನಡ ಎಂದು ಹೇಳಬೇಕು. ಲುವಾಲೇಟೆಕ್ ಆದರೆ ರೆಂಡರರ್ ಹಾರ್ಫ್‌ಬಜ್ ಎಂದೂ ಕೊಡಬೇಕು. ಇದನ್ನು ಬಿಟ್ಟರೆ ಒತ್ತಕ್ಷರ ಒಡೆದು ಬರುತ್ತದೆ, ಆದರೆ ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಪಾಲಿಗ್ಲಾಸಿಯಾ ಪ್ಯಾಕೇಜಿನಲ್ಲಿ ಭಾಷೆ ಕನ್ನಡ ಎಂದಿಟ್ಟರೆ ಸಾಲಿನ ಕೊನೆಯಲ್ಲಿ ಉದ್ದ ಪದಗಳನ್ನು ಒಡೆಯುವ ನಿಯಮಗಳೂ ಸಿಗುತ್ತವೆ. ಕನ್ನಡದ ಪದಗಳು ಪ್ರತ್ಯಯ ಸೇರಿಸಿಕೊಂಡು ಉದ್ದವಾಗುವುದರಿಂದ ಡೆಮಿ ಅಗಲದಲ್ಲಿ ಇದು ತೀರಾ ಬೇಕು. ಒಡೆಯದಿದ್ದರೆ ಎರಡೂ ಅಂಚು ಸಮ ಮಾಡಿದ ಸಾಲುಗಳಲ್ಲಿ ಪದಗಳ ನಡುವೆ ಅಂಗುಲದಷ್ಟು ಬಿಳಿ ಜಾಗ ಬೀಳುತ್ತದೆ.

ಕೋಡ್‌ಗೆ ಲಿಸ್ಟಿಂಗ್ಸ್ ಎಂಬ ಹಳೆಯ ಪ್ಯಾಕೇಜನ್ನು ಎಲ್ಲರೂ ಹೇಳಿಕೊಡುತ್ತಾರೆ. ಅದರಲ್ಲಿ ಕನ್ನಡ ಟಿಪ್ಪಣಿ ಇದ್ದರೆ ಅಕ್ಷರಗಳು ಜಾಗ ಬಿಟ್ಟು ಚದುರುತ್ತವೆ. ಮಿಂಟೆಡ್ ಬಳಸಿ. ಅದಕ್ಕೆ ಪೈಥಾನ್ ಮತ್ತು ಕೋಡ್‌ಗೆ ಬಣ್ಣ ಹಚ್ಚುವ ಪಿಗ್ಮೆಂಟ್ಸ್ ಬೇಕು, ಆದರೆ ಉದ್ದ ಸಾಲುಗಳನ್ನು ಬಾಣದ ಗುರುತಿನೊಡನೆ ಮುರಿದು ಕೊಡುತ್ತದೆ. ಕಪ್ಪುಬಿಳುಪು ಮುದ್ರಣವಾದರೆ ಎಕ್ಸ್‌ಕಲರ್ ಪ್ಯಾಕೇಜಿಗೆ ಗ್ರೇ ಎಂಬ ಆಯ್ಕೆ ಕೊಟ್ಟರೆ ಕೋಡ್‌ನ ಬಣ್ಣಗಳೆಲ್ಲ ಬೂದುಬಣ್ಣಕ್ಕೆ ಇಳಿಯುತ್ತವೆ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಬಂದಾಗ ಕೆಲಸ ನಿಲ್ಲುವಂತೆ ಟ್ರೇಸಿಂಗ್‌ಲಾಸ್ಟ್‌ಕ್ಯಾರ್ಸ್ ಬೆಲೆಯನ್ನು 3ಕ್ಕೆ ಇಡಿ. ಕೊಂಡಿಗಳ ಸುತ್ತ ಹೈಪರ್‌ರೆಫ್ ಪ್ಯಾಕೇಜು ಹಾಕುವ ಬಣ್ಣದ ಚೌಕಗಳನ್ನು ಮರೆಮಾಡಿ.

ಪದಸೂಚಿಯೊಂದೇ ಇಲ್ಲಿ ಕೈಕೆಲಸ ಕೇಳುತ್ತದೆ. ಪದಸೂಚಿ ಮಾಡಿಕೊಡುವ ಮೇಕ್‌ಇಂಡೆಕ್ಸ್‌ಗೆ ಕನ್ನಡ ಅಕ್ಷರಗಳ ಗುಂಪು ಮಾಡಲು ಬರುವುದಿಲ್ಲ. ಅ, ಆ, ಕ ಎಂಬ ತಲೆಬರಹಗಳನ್ನು ಕೈಯಿಂದ ಹಾಕಬೇಕು. ನೂರಿನ್ನೂರು ಪದಗಳ ಸೂಚಿಗೆ ಒಂದು ಮಧ್ಯಾಹ್ನ ಸಾಕು.

ಕಲಿಯುವುದು ಕಷ್ಟ ಎಂಬುದು ನಿಜ. ದೋಷದ ಸಂದೇಶಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ, ಲೇಟೆಕ್ ಮತ್ತು ಅದರ ಪ್ಯಾಕೇಜುಗಳ ಕಟ್ಟಾದ ಟೆಕ್ ಲೈವ್ ಪೂರ್ತಿ ಇಳಿಸಿಕೊಳ್ಳಲು ಹಲವಾರು ಜಿಬಿ ಜಾಗ ಬೇಕು. ಒಂದು ಸಣ್ಣ ಸಂಸ್ಥೆಯಲ್ಲಿ ಲೇಟೆಕ್ ಬಲ್ಲವರು ಒಬ್ಬರೇ ಇದ್ದು ಅವರು ಕೆಲಸ ಬಿಟ್ಟುಹೋದರೆ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಟೈಪ್‌ಸ್ಟ್

2023ರ ಮಾರ್ಚ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಂದ ಟೈಪ್‌ಸ್ಟ್ ಲೇಟೆಕ್‌ನ ಕೆಲಸವನ್ನು ಸರಳ ಬರವಣಿಗೆಯಲ್ಲಿ ಮಾಡುತ್ತದೆ. ಒಂದೇ ಸಣ್ಣ ಕಡತ ಇಳಿಸಿಕೊಂಡರೆ ಆಯಿತು. ಪುಟ ತಿದ್ದಿದ ಕೂಡಲೇ ಕಣ್ಣೆದುರಿಗೆ ಬದಲಾಗುತ್ತದೆ, ದೋಷ ಎಲ್ಲಿದೆ ಎಂದು ಸಾಲು ತೋರಿಸಿ ಹೇಳುತ್ತದೆ. ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟ್ ಹೇಳುವಾಗ ಕೋಡ್ ಫಾಂಟ್, ಅದರ ಹಿಂದೆ ನೋಟೋ ಸ್ಯಾನ್ಸ್ ಕನ್ನಡ ಎಂದು ಪಟ್ಟಿ ಕೊಟ್ಟರೆ ಕೋಡ್ ಒಳಗಿನ ಕನ್ನಡ ಟಿಪ್ಪಣಿಗೂ ತೊಂದರೆ ಇಲ್ಲ.

ಇದಿನ್ನೂ 1.0 ಮುಟ್ಟದ ಸಾಧನ. ಆವೃತ್ತಿ ಬದಲಾದಾಗ ಹಳೆಯ ಬರವಣಿಗೆ ಕೆಲವೆಡೆ ಓಡದೆ ಹೋಗಬಹುದು. ಪುಸ್ತಕದ ಜೊತೆಗೇ ಆ ಆವೃತ್ತಿಯ ಕಡತವನ್ನೂ ಇಟ್ಟುಕೊಳ್ಳಿ, ಚಿಕ್ಕದಾದ್ದರಿಂದ ಭಾರವಾಗುವುದಿಲ್ಲ. ಕನ್ನಡ ಸಾಲುಗಳನ್ನು ಎರಡೂ ಅಂಚಿಗೆ ಸಮ ಮಾಡದೆ ಬಲ ಅಂಚನ್ನು ಏರುಪೇರಾಗಿಯೇ ಬಿಟ್ಟರೆ ಬಿಳಿ ಜಾಗದ ಕಾಟ ಇರುವುದಿಲ್ಲ. ಕೈಪಿಡಿಗೆ ಆ ನೋಟ ಒಪ್ಪುತ್ತದೆ ಕೂಡ.

ಈಗ ಹೊಸದಾಗಿ ಶುರುಮಾಡುವವರಿಗೆ, ಲೇಟೆಕ್ ಹಿಂದೆ ಕಲಿತಿಲ್ಲದವರಿಗೆ, ಇದೇ ನಮ್ಮ ಮೊದಲ ಆಯ್ಕೆ.

ಮಾರ್ಕ್‌ಡೌನ್‌ನಲ್ಲಿ ಈಗಾಗಲೇ ಬರೆದಿದ್ದರೆ

ತಂತ್ರಾಂಶ ತಂಡಗಳ ದಾಖಲೆ ಮಾರ್ಕ್‌ಡೌನ್‌ನಲ್ಲೋ (ಸರಳ ಗುರುತುಗಳಿರುವ ಬರಹ) ಸ್ಫಿಂಕ್ಸ್‌ನಲ್ಲೋ (ದಾಖಲೆ ತಯಾರಿಸುವ ಸಾಧನ) ಇರುತ್ತದೆ. ಅದನ್ನು ಬಿಟ್ಟು ಹೊಸದಾಗಿ ಟೈಪ್ ಮಾಡಿಸಬೇಡಿ. ಪ್ಯಾನ್‌ಡಾಕ್ ಎಂಬ ಪರಿವರ್ತಕ ಮಾರ್ಕ್‌ಡೌನ್‌ನಿಂದ ಲೇಟೆಕ್‌ಗೂ ಟೈಪ್‌ಸ್ಟ್‌ಗೂ ವರ್ಡ್‌ಗೂ ದಾಟಿಸುತ್ತದೆ. ಪಿಡಿಎಫ್ ಎಂಜಿನ್ ಝೀಲೇಟೆಕ್ ಎಂದು ಹೇಳಿ, ಕನ್ನಡ ಫಾಂಟ್ ಹೆಸರು ಕೊಡಿ. ಸ್ಫಿಂಕ್ಸ್‌ನಲ್ಲೂ ಲೇಟೆಕ್ ಎಂಜಿನ್ನನ್ನು ಝೀಲೇಟೆಕ್‌ಗೆ ಬದಲಾಯಿಸಬೇಕು. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಬಲ್ಲವರಿಗೆ ಅವುಗಳಿಂದಲೇ ಪಿಡಿಎಫ್ ಮಾಡುವ ವೀಸಿಪ್ರಿಂಟ್ ಒಳ್ಳೆಯದು, ಕನ್ನಡ ಸರಿ ಬರುತ್ತದೆ.

ಮಾರ್ಕ್‌ಡೌನ್‌ನಂತಹದೇ ಆದ ಆಸ್ಕಿಡಾಕ್ ಬರಹದಿಂದ ಪಿಡಿಎಫ್ ಮಾಡುವ ಆಸ್ಕಿಡಾಕ್ಟರ್ ಪಿಡಿಎಫ್ ಬಗ್ಗೆ ಎಚ್ಚರ. ಇಂಗ್ಲಿಷ್ ಕೈಪಿಡಿಗೆ ಅದು ಬಹಳ ಚೆನ್ನಾಗಿದೆ. ಆದರೆ ಅದರ ಒಳಗಿರುವ ಪ್ರಾನ್ ಎಂಬ ಕೋಡ್ ಲೈಬ್ರರಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ‘ಸ್ಟ್ರಿಂಗ್’ ಎಂಬುದು ‘ಸ್‌ಟ್‌ರಿಂಗ್’ ಎಂದು ಬಿಡಿಬಿಡಿಯಾಗಿ ಬೀಳುತ್ತದೆ. ಕನ್ನಡ ಇದ್ದರೆ ಆಸ್ಕಿಡಾಕ್‌ನಿಂದ ಎಚ್‌ಟಿಎಂಎಲ್ ತೆಗೆದು ವೀಸಿಪ್ರಿಂಟ್‌ಗೆ ಕೊಡಿ.

ಯಾವ ದಾರಿಯಾದರೂ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದನ್ನೆಲ್ಲ ಹುಡುಕಿ ತೆಗೆದು ಪುಟಸಂಖ್ಯೆಯ ಉಲ್ಲೇಖ ಹಾಕಿ.

ಯಾರಿಗೆ ಯಾವುದು

ಲ್ಯಾಬ್ ಮ್ಯಾನುಯಲ್: ಪ್ರತಿ ವರ್ಷ ಬದಲಾಗುತ್ತದೆ, ಕೋಡ್ ಹೆಚ್ಚು, ಹಣ ಕಡಿಮೆ, ಲೇಟೆಕ್ ಬಲ್ಲವರು ವಿಭಾಗದಲ್ಲೇ ಇರುತ್ತಾರೆ. ಲೇಟೆಕ್, ಎ4 ಅಥವಾ ಕ್ರೌನ್ 1/4, ವೈರೋ (ತಂತಿ ಸುರುಳಿಯ) ಬೈಂಡಿಂಗ್. ಗಮ್ ಬೈಂಡಿಂಗ್ ಮಾಡಿಸಿದರೆ ಕೀಬೋರ್ಡ್ ಪಕ್ಕ ಪುಸ್ತಕ ತೆರೆದು ನಿಲ್ಲುವುದಿಲ್ಲ, ಬಲವಂತವಾಗಿ ಒತ್ತಿದರೆ ಬೆನ್ನು ಸೀಳುತ್ತದೆ.

ತೋಟದ ರೈಟರ್ (ಗುಮಾಸ್ತರು), ಮೇಸ್ತ್ರಿಗಳು ಬಳಸುವ ಲೆಕ್ಕದ ತಂತ್ರಾಂಶದ ಕೈಪಿಡಿ: ಪೂರ್ತಿ ಕನ್ನಡ, ಹೆಜ್ಜೆಹೆಜ್ಜೆಗೂ ಪರದೆಯ ಚಿತ್ರ. 80 ಪುಟದೊಳಗಿದ್ದು ತಿದ್ದುವವರು ಆಫೀಸಿನವರಾದರೆ ವರ್ಡ್ ಅಥವಾ ರೈಟರ್. ಅದಕ್ಕಿಂತ ದೊಡ್ಡದಾದರೆ, ಅಥವಾ ತಂತ್ರಾಂಶ ವರ್ಷಕ್ಕೆರಡು ಸಲ ಬದಲಾಗುವಂತಿದ್ದರೆ ಟೈಪ್‌ಸ್ಟ್. ತೋಟದ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಕಾಗದ ಉಬ್ಬುತ್ತದೆ, ಬರೀ ಅಂಟಿನ ಬೆನ್ನು ಬಿಡುತ್ತದೆ. ಹೊಲಿಗೆ ಬೈಂಡಿಂಗ್, ಲ್ಯಾಮಿನೇಷನ್ ಇರುವ 300 ಜಿಎಸ್‌ಎಂ ಮುಖಪುಟ ಹಾಕಿಸಿ. ಮುದ್ರಣವನ್ನು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಇಟ್ಟುಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಆಗ ಶಾಯಿ ಒಣಗಲು ಹೆಚ್ಚು ಹೊತ್ತು ಬೇಕು, ಆತುರ ಮಾಡಿದರೆ ಎದುರು ಪುಟಕ್ಕೆ ಅಂಟುತ್ತದೆ.

ಮಾರಾಟಕ್ಕೆ ಇಡುವ, ಬಣ್ಣದ, ಸಾವಿರ ಪ್ರತಿಯ ಪುಸ್ತಕ: ಇನ್‌ಡಿಸೈನ್, ಅದೂ ಬರಹ ಪೂರ್ತಿ ಅಂತಿಮವಾದ ಮೇಲೆ. 

ಸ್ಕ್ರೀನ್‌ಶಾಟ್ ಮತ್ತು ಕೊನೆಯ ತಪಾಸಣೆ

ಇಡೀ ಪರದೆಯ ಚಿತ್ರ ಹಾಕಬೇಡಿ. 1920 ಚುಕ್ಕೆ ಅಗಲದ ಪರದೆಯನ್ನು 107 ಮಿ.ಮೀ.ಗೆ ಕುಗ್ಗಿಸಿದರೆ ಮೆನುವಿನ ಅಕ್ಷರ ಇರುವೆಯಷ್ಟಾಗುತ್ತದೆ. ಪರದೆಯ ಸ್ಕೇಲಿಂಗ್ 200%ಗೆ ಏರಿಸಿ, ಬೇಕಾದ ಕಿಟಕಿಯನ್ನಷ್ಟೇ ಹಿಡಿಯಿರಿ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಅಕ್ಷರಗಳ ಸುತ್ತ ಕೊಳೆ ಕಟ್ಟುತ್ತದೆ. ಕಪ್ಪು ಹಿನ್ನೆಲೆಯ ಟರ್ಮಿನಲ್ಲನ್ನು ಬಿಳಿ ಹಿನ್ನೆಲೆಗೆ ಬದಲಾಯಿಸಿ, ಆಫ್‌ಸೆಟ್‌ನಲ್ಲಿ ಕಪ್ಪು ಶಾಯಿ ಹರಡಿ ಸಣ್ಣ ಬಿಳಿ ಅಕ್ಷರ ಮುಚ್ಚಿಹೋಗುತ್ತದೆ. ಕೆಂಪು ವೃತ್ತ ಹಾಕಿ ತೋರಿಸಿದ್ದು ಕಪ್ಪುಬಿಳುಪಿನಲ್ಲಿ ಬೂದಾಗಿ ಕಳೆದುಹೋಗುವುದರಿಂದ ಕಪ್ಪು ಗುಂಡಿನೊಳಗೆ 1, 2, 3 ಎಂದು ಅಂಕಿ ಹಾಕಿ.

ವರ್ಡ್, ರೈಟರ್, ವೀಸಿಪ್ರಿಂಟ್‌ಗಳಿಂದ ಬರುವ ಪಿಡಿಎಫ್ ಪರದೆಗೆ ಬಳಸುವ ಆರ್‌ಜಿಬಿ ಬಣ್ಣದಲ್ಲಿರುತ್ತದೆ. ಅದರ ಕಪ್ಪು ಅಕ್ಷರ ಪ್ಲೇಟ್ ಮಾಡುವಾಗ ನಾಲ್ಕು ಬಣ್ಣಗಳಲ್ಲಿ ಹಂಚಿಹೋಗಬಹುದು. ಗೋಸ್ಟ್‌ಸ್ಕ್ರಿಪ್ಟ್ ಎಂಬ ಸಾಧನದಲ್ಲಿ ಬೂದು ವರ್ಣಕ್ಕೆ ಪರಿವರ್ತಿಸಿ. ಆಗಲೂ ಚಿತ್ರಗಳಿಗೆ ಗುಣಮಟ್ಟ ಕೆಡಿಸದ ಫ್ಲೇಟ್ ಸಂಕೋಚನ ಎಂದು ಹೇಳದಿದ್ದರೆ ಅದು ಪಿಎನ್‌ಜಿಗಳನ್ನು ಜೆಪೆಗ್ ಮಾಡಿಬಿಡುತ್ತದೆ. ಪಿಡಿಎಫ್‌ಫಾಂಟ್ಸ್ ಎಂಬ ಆಜ್ಞೆ ಓಡಿಸಿ ಎಲ್ಲ ಫಾಂಟ್ ಒಳಗೆ ಸೇರಿದೆಯೇ ಎಂದು ನೋಡಿ.

ಡೆಮಿ 1/8ರಲ್ಲಿ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಅಂದರೆ 16 ಪುಟ. ಪುಸ್ತಕ 212 ಪುಟಕ್ಕೆ ನಿಂತರೆ ಬರೀ ನಾಲ್ಕು ಪುಟಕ್ಕಾಗಿ 14ನೇ ಫಾರಂನ ಹಣ ಕೊಡಬೇಕಾಗುತ್ತದೆ. ನಾಲ್ಕು ಪುಟ ಕತ್ತರಿಸಿ 208ಕ್ಕೆ, ಅಂದರೆ 13 ಫಾರಂಗೆ ತನ್ನಿ. ಬೆನ್ನಿನ ದಪ್ಪ ತಿಳಿಯದೆ ಮುಖಪುಟ ಅಂತಿಮ ಮಾಡಬೇಡಿ. 70 ಜಿಎಸ್‌ಎಂ ಮ್ಯಾಪ್ಲಿಥೋದ 104 ಹಾಳೆಗೆ ಸುಮಾರು 9 ಮಿ.ಮೀ. ಬರುತ್ತದೆ, ಆದರೆ ಗಿರಣಿಯಿಂದ ಗಿರಣಿಗೆ ವ್ಯತ್ಯಾಸವಿರುವುದರಿಂದ ಅದೇ ಕಾಗದದ ಡಮ್ಮಿ ಮಾಡಿಸಿ ಅಳೆಸಿ. 200-300 ಪ್ರತಿಯೊಳಗೆ ಡಿಜಿಟಲ್ ಮುದ್ರಣವೇ ಅಗ್ಗವಾಗುವುದು ಹೆಚ್ಚು. ಅಲ್ಲಿ ಫಾರಂ ಲೆಕ್ಕದ ಬಿಗಿ ಇಲ್ಲ, ಮತ್ತು ಒಂದೇ ಒಂದು ಪ್ರತಿಯನ್ನು ಮೊದಲು ತೆಗೆಸಿ ನೋಡಬಹುದು. ಆ ಪ್ರತಿಯನ್ನು ತಂತ್ರಾಂಶ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಅದರಲ್ಲಿರುವ ಆಜ್ಞೆಗಳನ್ನು ನೋಡಿಕೊಂಡೇ ಟೈಪ್ ಮಾಡಲು ಹೇಳಿ. ಓಡದ ಆಜ್ಞೆಗಳಿಗೆಲ್ಲ ಗುರುತು ಹಾಕಿ, ಮೂಲ ಕಡತದಲ್ಲೇ ತಿದ್ದಿ, ಆಮೇಲೆ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿ.